ಗರ್ಭದಲ್ಲಿರುವ ಕೂಸಿನ ಮೆದುಳಿಗೆ ಕಾವಲು



ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಅನೇಕ ಮನೆಗಳಲ್ಲಿ ಗರ್ಭಿಣಿಯನ್ನು ಗ್ರಹಣದಿಂದ ಕಾಪಾಡಲು ಎಷ್ಟೊಂದು ಎಚ್ಚರ ವಹಿಸುತ್ತಾರೆಂಬುದು ತಮಗೆ ತಿಳಿದದ್ದೇ ಆಗಿದೆ. ಬಾಗಿಲು ಮುಚ್ಚುತ್ತಾರೆ, ಆಕೆಯ ಕೈಗೆ ಕುಡಗೋಲು, ಕತ್ತರಿ ಕೊಡುವುದಿಲ್ಲ. ಅದೇ ಗರ್ಭಿಣಿಗೆ ಮೂರು ದಿನ ಚಳಿಜ್ವರ ಬಂದರೆ ಮಾತ್ರ, 'ಜೋಳದ ರಾಶಿ ಮುಗಿಯಲಿ, ಆಮೇಲೆ ದವಾಖಾನೆಗೆ ಹೋಗೋಣ' ಎನ್ನುವುದುಂಟು. ಗ್ರಹಣದಿಂದ ಕೂಸಿಗೆ ಯಾವ ಕೇಡೂ ಇಲ್ಲ. ಜ್ವರದ ಮಾತು ಬೇರೆ. ಅದೇಕೆಂಬುದನ್ನು ತಮ್ಮೊಡನೆ ವಿಚಾರ ಮಾಡಬೇಕಾಗಿದೆ.

ಕಾಲಿಗೆ ಜಾಲಿಯ ಮುಳ್ಳು ನಟ್ಟರೆ ಆ ಜಾಗ ಕೆಂಪಾಗಿ ಬಾಯುತ್ತದೆ. ಯಾರೂ ಕಲಿಸದೆ ಹುಟ್ಟಿನಿಂದಲೇ ನಮ್ಮಲ್ಲಿರುವ ರೋಗನಿರೋಧಕ ಶಕ್ತಿಯ ಕಾರ್ಯವದು. ಮೆದುಳಿಗೂ ಇಂತಹ ಕಾವಲುಗಾರ ಜೀವಕೋಶಗಳಿವೆ. ಸ್ಪೇನ್ ದೇಶದ ಪಿಯೊ ದೆಲ್ ರಿಯೊ ಒರ್ತೇಗಾ ಎಂಬ ವಿಜ್ಞಾನಿ 1919ರಲ್ಲಿ ಇವುಗಳನ್ನು ಗುರುತಿಸಿ ಮೈಕ್ರೊಗ್ಲಿಯಾ ಎಂದು ಕರೆದನು. ಇವು ಗರ್ಭ ನಿಂತ ಎರಡನೆಯ ತಿಂಗಳಿನಲ್ಲಿಯೇ, ಅಂದರೆ ಎಷ್ಟೋ ಸೊಸೆಯಂದಿರು ಅತ್ತೆಗೆ ಸುದ್ದಿ ತಿಳಿಸುವ ಮೊದಲೇ, ಕೂಸಿನ ಮೆದುಳನ್ನು ಸೇರಲಾರಂಭಿಸುತ್ತವೆ.

ಇವುಗಳ ಕೆಲಸ ಬರಿಯ ಕಾವಲಲ್ಲ. ಇಂಡಿ ಸೀಮೆಯ ನಿಂಬೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಿಡದಲ್ಲಿ ಒಣಗಿದ ಟೊಂಗೆಗಳನ್ನೂ ಅಡ್ಡಾದಿಡ್ಡಿ ಚಿಗುರನ್ನೂ ಸವರಿ ತೆಗೆದರೆ ಉಳಿದ ಟೊಂಗೆಗಳು ಬಲಗೊಳ್ಳುತ್ತವೆ. ಬೆಳೆಯುವ ಮೆದುಳಿನಲ್ಲಿ ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಕೊಂಡಿಗಳು ಹುಟ್ಟಿಕೊಳ್ಳುತ್ತವೆ. ಉಪಯೋಗವಿಲ್ಲದವುಗಳನ್ನು ಈ ಕಾವಲುಗಾರರು ತೆಗೆದುಹಾಕುತ್ತಾರೆ. ಸತ್ತ ಕೋಶಗಳನ್ನು ನುಂಗಿ ಜಾಗ ಹಸನು ಮಾಡುತ್ತಾರೆ. ಈ ಕೆಲಸ ಹುಟ್ಟಿದ ಮೇಲೆಯೂ ವರ್ಷಗಟ್ಟಲೆ ಸಾಗುತ್ತದೆ.

ತಾಯಿಗೆ ತೀವ್ರವಾದ ಸೋಂಕು ತಗುಲಿದಾಗ ಆಕೆಯ ಶರೀರವು ರಕ್ತದಲ್ಲಿ ಎಚ್ಚರಿಕೆಯ ರಾಸಾಯನಿಕಗಳನ್ನು ಹರಿಯಬಿಡುತ್ತದೆ. ರೋಗಾಣು ಕೂಸನ್ನು ಮುಟ್ಟದಿದ್ದರೂ ಈ ಎಚ್ಚರಿಕೆಯ ಪ್ರಭಾವ ಮಾಸನ್ನು ದಾಟಿ ಅತ್ತ ಕಡೆಯ ಕಾವಲುಗಾರರನ್ನು ಕೆರಳಿಸಬಲ್ಲದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದಿದೆ. ಮನುಷ್ಯರಲ್ಲಿ ಅಪಾಯದ ಹೆಚ್ಚಳ ಸಣ್ಣದು. ಜ್ವರ ಕಂಡ ತಾಯಂದಿರ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಆದುದರಿಂದ ಮಗು ಮಾತು ಕಲಿಯಲು ತಡವಾಯಿತೆಂದು ಸೊಸೆಯ ಕಾಲ್ಗುಣವನ್ನು ಹಳಿಯುವುದು ಅನ್ಯಾಯ. ಜ್ವರ ಆಕೆ ಬೇಡಿ ತಂದದ್ದಲ್ಲ. ಚಿಕಿತ್ಸೆಗೆ ಕರೆದೊಯ್ಯದ ಮನೆಯವರು ಬೇಕಾದರೆ ತಮ್ಮನ್ನು ಕೇಳಿಕೊಳ್ಳಲಿ.

ಕೂಸನ್ನು ನೇರವಾಗಿ ಮುಟ್ಟುವ ರೋಗಾಣುಗಳೂ ಇವೆ. ರುಬೆಲ್ಲಾ ಎಂಬ ಸಾಮಾನ್ಯ ಗುಳ್ಳೆಜ್ವರ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯ, ಮೆದುಳು ಕೆಡಬಹುದು. ಆಸ್ಟ್ರೇಲಿಯದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದನು. ನಮ್ಮ ರಾಜ್ಯದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು; ಅಂದು ಶಾಲೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಂಡ ಬಾಲಕಿಯರಲ್ಲಿ ಅನೇಕರು ಇಂದು ಗೃಹಿಣಿಯರು. ಈಗ ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಮೊದಲ ಸಲ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಎರಡನೆಯ ಸಲ ಈ ಲಸಿಕೆ ಹಾಕುತ್ತಾರೆ. ಗರ್ಭಿಣಿಗೆ ಇದನ್ನು ಹಾಕುವಂತಿಲ್ಲ.

ಗಂಡಸರಿಗೆ ಒಂದು ಮಾತು. ಹೆಂಡತಿಗೆ ಜ್ವರ, ಉರಿಮೂತ್ರ ಅಥವಾ ದುರ್ವಾಸನೆಯ ಬಿಳಿಸೆರಗು ಕಂಡುಬಂದರೆ ಆಕೆ ನಾಚಿ ಹೇಳದಿರಬಹುದು. ತಾವೇ ಕೇಳಿ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಯಾಗಿ ಹೋಗಿರಿ. ಅಂಗಡಿಯಿಂದ ಗುಳಿಗೆ ತಂದು ನುಂಗಿಸಬೇಡಿರಿ. ಹೆರಿಗೆಯಾದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು ಕೂಸಿನ ಬಾಯಿಗೆ ಹೋಗಬೇಕು. ರೋಗನಿರೋಧಕ ಕೋಶಗಳು ಅದರಲ್ಲಿಯೂ ಇವೆ. ಹಸುಗೂಸು ಮೊಲೆಯುಣ್ಣದೆ ಮಂಕಾದರೆ, ಮೈ ಕಾದರೆ ಅಥವಾ ಸೆಳೆತ ಬಂದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿರಿ. ಸೆಳೆತ ಬಂದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿರಿ. ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ.

ಕಬ್ಬು ಕಡಿಯಲೆಂದು ಗುಳೆ ಹೋಗುವವರು ತಾಯಿ ಕಾರ್ಡನ್ನು ಬುತ್ತಿಯ ಗಂಟಿನೊಡನೆ ಕಟ್ಟಿಕೊಂಡು ಹೋಗತಕ್ಕದ್ದು. ಮಹಾರಾಷ್ಟ್ರದ ಸರಕಾರಿ ದವಾಖಾನೆಯಲ್ಲಿಯೂ ಅದನ್ನು ತೋರಿಸಿದರೆ ಮುಂದಿನ ಲಸಿಕೆ ಯಾವುದೆಂದು ಅಲ್ಲಿಯ ದಾದಿಗೆ ತಿಳಿಯುತ್ತದೆ.