ವಿಚಾರಣೆಗೆ ಹೋಗುವ ಮುನ್ನ



ಕರೆಂಟು ಹೋಗುವ ಮುಂಚೆ ಮಾತು ಮುಗಿಸಿ ಅಂತ ಕಲಿಕಾ ಕೇಂದ್ರದ ಮೇಷ್ಟ್ರು ಹೇಳಿದ್ದಾರೆ. ಮುಗಿಸ್ತೀವಿ.

ನಾವು ಅಂಗವಿಕಲರ ಸಂಘದವರು. ಹನ್ನೆರಡು ಜನ ಇದ್ದೇವೆ. ಒಬ್ಬರಿಗೆ ಕಾಲು ಸರಿ ಇಲ್ಲ. ಒಬ್ಬರಿಗೆ ಕಣ್ಣು ಕಾಣೋದಿಲ್ಲ. ಒಬ್ಬರ ಕೈ ಆಲೆಮನೆಯ ಗಾಣಕ್ಕೆ ಸಿಕ್ಕಿತು. ಸರ್ಕಾರದ ಕಾಗದದಲ್ಲಿ ನಮ್ಮನ್ನು ಮೊದಲು ಅಂಗವಿಕಲರು ಅಂತ ಬರೆದರು. ಆಮೇಲೆ ವಿಕಲಚೇತನರು ಅಂದರು. ಈಗ ವಿಶೇಷಚೇತನರು ಅಂತಲೂ ಬರೆಯುತ್ತಾರೆ. ಹೆಸರು ಯಾವುದಾದರೂ ಇರಲಿ, ತಿಂಗಳ ದುಡ್ಡು ತಿಂಗಳಿಗೆ ಬಂದರೆ ಸಾಕು ಅಂತ ನಮ್ಮ ಸಂಘದ ಅಜ್ಜ ನಗ್ತಾರೆ.

ಆ ತಿಂಗಳ ದುಡ್ಡು ನಿಂತರೆ ಏನು ಮಾಡಬೇಕು? ಮೇಲ್ಮನವಿ ಹಾಕಬೇಕು. ಇದನ್ನು ಎಲ್ಲರೂ ಹೇಳ್ತಾರೆ. ಮೇಲ್ಮನವಿ ಹಾಕಿದ ಮೇಲೆ ವಿಚಾರಣೆಗೆ ಬನ್ನಿ ಅಂತ ನೋಟೀಸು ಬರುತ್ತೆ. ನೋಟೀಸು ಬಂದ ದಿನದಿಂದ ಕಣ್ಣಿಗೆ ನಿದ್ದೆ ಹತ್ತೋದಿಲ್ಲ. ಇದನ್ನು ಯಾರೂ ಹೇಳೋದಿಲ್ಲ. ಇವತ್ತು ಆ ಮಾತು ಆಡೋಣ.

ನಮ್ಮ ಸಂಘದ ಒಬ್ಬ ಅಕ್ಕನ ಕತೆ ಹೇಳ್ತೀವಿ. ಹೇಳಿ ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಬೇಡ ಅಂದಿದ್ದಾರೆ.

ಅಕ್ಕನಿಗೆ ಮಗುವಾಗಿದ್ದಾಗಲೇ ಪೋಲಿಯೋ ಆಗಿ ಎಡಗಾಲು ಸೊರಗಿದೆ. ವೈದ್ಯರು ಕೊಟ್ಟ ಪ್ರಮಾಣ ಪತ್ರದಲ್ಲಿ ನೂರಕ್ಕೆ 50 ಅಂತ ಇದೆ. ವೇತನಕ್ಕೆ ಕಡೇಪಕ್ಷ 40 ಇರಬೇಕು. ಹಾಗಾಗಿ ವೇತನ ಬರ್ತಾ ಇತ್ತು. ಮನೆಯ ಜಗಲಿಯ ಮೇಲೆ ಅಕ್ಕನದು ಒಂದು ಪುಟ್ಟ ಅಂಗಡಿ. ಬಿಸ್ಕತ್ತು, ಬೀಡಿ, ಸೋಪು, ಶಾಂಪೂ ಪೊಟ್ಟಣ. ಒಂದು ದಿನ ಪರಿಶೀಲನೆಗೆ ಬಂದವರು ಅಂಗಡಿ ನೋಡಿದರು. ದಿನಕ್ಕೆ ಎಷ್ಟು ವ್ಯಾಪಾರ ಅಂತ ಕೇಳಿದರು. ಐನೂರು, ಆರುನೂರು ಅಂತ ಅಕ್ಕ ಹೇಳಿದರು. ಬರೆದುಕೊಂಡು ಹೋದರು. ಮೂರು ತಿಂಗಳು ಪಾಸ್‌ಬುಕ್ಕಿನಲ್ಲಿ ದುಡ್ಡೇ ಇಲ್ಲ. ಕೇಳಲು ಹೋದಾಗ ಒಂದು ಹಿಂಬರಹ ಕೊಟ್ಟರು. ಹಿಂಬರಹ ಅಂದರೆ ಅರ್ಜಿಗೆ ಕಚೇರಿಯವರು ಬರೆದು ಕೊಡುವ ಉತ್ತರ. ಅದನ್ನು ಅಕ್ಕ ಇದೇ ಕೇಂದ್ರಕ್ಕೆ ತಂದು ಅಕ್ಷರ ಅಕ್ಷರ ಕೂಡಿಸಿ ಓದಿದರು. ವರಮಾನ ಮಿತಿಗಿಂತ ಹೆಚ್ಚು, ಅದಕ್ಕೆ ವೇತನ ರದ್ದು ಅಂತ ಇತ್ತು.

ತಹಶೀಲ್ದಾರರ ಇಂಥ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ, ಅಂದರೆ ನಾವು ಎ.ಸಿ. ಸಾಹೇಬರು ಅಂತೀವಲ್ಲ, ಅವರಿಗೆ ಮೇಲ್ಮನವಿ ಹಾಕಬಹುದು. ಅಕ್ಕ ಹಾಕಿದರು. ನೋಟೀಸು ಬಂತು. ಅವತ್ತಿನಿಂದ ಅಕ್ಕ ಊಟ ಬಿಟ್ಟರು.

ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ಸುಳ್ಳು ಹೇಳಿದ್ದೀಯ ಅಂತ ಬೈತಾರಂತೆ. ಇಷ್ಟು ವರ್ಷ ತಗೊಂಡ ದುಡ್ಡು ವಾಪಸ್ ಕೇಳ್ತಾರಂತೆ. ಜೈಲಿಗೂ ಹಾಕ್ತಾರಂತೆ. ಈ ಅಂತೆ ಕಂತೆಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಅವೇ ಮಾತು ಕಿವಿಯಲ್ಲಿ ಕೇಳ್ತವೆ.

ಮೊದಲ ಸಲ ಅಕ್ಕ ಒಬ್ಬರೇ ಹೋದರು. ಸಾಲಲ್ಲಿ ಮೂರು ಗಂಟೆ ಕಾದರು. ಹೆಸರು ಕೂಗಿದರು. ಒಳಗೆ ಹೋದರು. ಸಾಹೇಬರು ಫೈಲು ನೋಡಿ, "ಅಂಗಡಿ ಹೇಗೆ ನಡೀತಾ ಇದೆಯಮ್ಮ?" ಅಂತ ಕೇಳಿದರು. ಅಕ್ಕ ಕೈ ಮುಗಿದು, "ನಿಮ್ಮ ಆಶೀರ್ವಾದದಿಂದ ಚೆನ್ನಾಗಿ ನಡೀತಾ ಇದೆ ಸ್ವಾಮಿ" ಅಂದುಬಿಟ್ಟರು.

ನಗಬೇಡಿ. ನೀವು ಹೋಗಿದ್ದರೂ ಅದನ್ನೇ ಅಂತಿದ್ದಿರಿ. ನಾವೂ ಅಷ್ಟೆ. ದೊಡ್ಡವರು ಕೇಳಿದರೆ ಚೆನ್ನಾಗಿದ್ದೇವೆ ಅನ್ನಬೇಕು, ಮನೆಯ ಕಷ್ಟವನ್ನು ಬೀದಿಗೆ ಹಾಕಬಾರದು ಅಂತ ನಮಗೆ ಹೆತ್ತವರು ಕಲಿಸಿದ್ದಾರೆ. ಊರಿನಲ್ಲಿ ಅದು ಮರ್ಯಾದೆ. ಕಚೇರಿಯಲ್ಲಿ ಅದು ಹೇಳಿಕೆ. ಪಕ್ಕದಲ್ಲಿ ಕೂತವರು ಬರೆದುಕೊಳ್ತಾರೆ.

ಇನ್ನೂ ಒಂದು ಮಾತಿದೆ. ಇದನ್ನು ಹೇಳೋದು ಸ್ವಲ್ಪ ಕಷ್ಟ. ಶಾಲೆಯಲ್ಲಿ ಅಕ್ಕನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಕುಂಟಿ ಅಂತಲೇ ಕರೀತಿದ್ದರು. ಅವತ್ತಿನಿಂದ ಅಕ್ಕ ಕಾಲು ಕಾಣದ ಹಾಗೆ ಸೀರೆ ಇಳಿಬಿಟ್ಟು ಉಡುತ್ತಾರೆ. ನೋವಿದ್ದರೂ ಸಂತೆಯಲ್ಲಿ ಮುಖ ಗಂಟು ಹಾಕದೆ ನಡೀತಾರೆ. ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಒಂದು ದಿನ ಹತ್ತು ಜನರ ಮುಂದೆ ಬಿಚ್ಚಿ ಹೇಳು ಅಂದರೆ ಬಾಯಿ ಬರುತ್ತದೆಯೇ? ವಿಚಾರಣೆಯ ಹಿಂದಿನ ರಾತ್ರಿ ನಮ್ಮನ್ನು ಕಾಡೋದು ಬರೀ ಹೆದರಿಕೆ ಅಲ್ಲ. ಅದರಲ್ಲಿ ಅರ್ಧ ನಾಚಿಕೆ.

ಪುಣ್ಯಕ್ಕೆ ಅವತ್ತು ಸಾಹೇಬರು ಕೇಸು ಮುಗಿಸಲಿಲ್ಲ. ವರಮಾನದ ಲೆಕ್ಕ ತನ್ನಿ ಅಂತ ಮುಂದಿನ ತಾರೀಖು ಕೊಟ್ಟರು. ಅಕ್ಕ ಬಂದು ಸಂಘದಲ್ಲಿ ಅತ್ತರು. ಆಗ ನಾವೆಲ್ಲ ಕೂತು ಯೋಚನೆ ಮಾಡಿದೆವು.

ಮೊದಲು ಲೆಕ್ಕ. ಅಂಗಡಿ ಶುರುವಾದಾಗಿನಿಂದ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ತಂದದ್ದು, ಮಾರಿದ್ದು ಬರೀತಾ ಇದ್ದರು. ಅದನ್ನು ಕೂಡಿ ಕಳೆದು ನೋಡಿದೆವು. ಆರುನೂರು ರೂಪಾಯಿ ವ್ಯಾಪಾರ ಆದ ದಿನ ಕೈಯಲ್ಲಿ ಉಳಿದದ್ದು 70 ರೂಪಾಯಿ. ಪರಿಶೀಲನೆಗೆ ಬಂದವರು ವ್ಯಾಪಾರವನ್ನೇ ವರಮಾನ ಅಂತ ಬರೆದಿದ್ದರು! ವ್ಯಾಪಾರ ಬೇರೆ, ಲಾಭ ಬೇರೆ. ಮಳೆಗಾಲದಲ್ಲಿ ಕಾಲು ಸೆಳೆತ ಬಂದು 22 ದಿನ ಅಂಗಡಿ ಮುಚ್ಚಿದ್ದೂ ಆ ಪುಸ್ತಕದಲ್ಲೇ ಇತ್ತು.

ಆಮೇಲೆ ಚೀಟಿ. ಸಾಹೇಬರ ಮುಂದೆ ಹೇಳಬೇಕಾದದ್ದನ್ನು ಅಕ್ಕ ತಾವೇ ಒಂದು ಹಾಳೆಯಲ್ಲಿ ಬರೆದರು. ಎಂಟೇ ಸಾಲು. ಒಳ್ಳೆಯ ದಿನ ಹೇಗಿರುತ್ತೆ, ಕೆಟ್ಟ ದಿನ ಹೇಗಿರುತ್ತೆ, ಎರಡನ್ನೂ ಬರೆದರು. ಇದು ಮುಖ್ಯ. ನಾವು ಒಳ್ಳೆಯ ದಿನವನ್ನೇ ಹೇಳ್ತೀವಿ, ಕೆಟ್ಟ ದಿನವನ್ನು ನುಂಗಿಬಿಡ್ತೀವಿ. ಹಾಗಂತ ಹೆಚ್ಚು ಮಾಡಿ ಹೇಳೋದೂ ಬೇಡ. ನಮ್ಮಲ್ಲೇ ಒಬ್ಬರು ಒಮ್ಮೆ ಬೇಡದ ಊರುಗೋಲನ್ನು ಸಾಲ ತಂದು ಹಿಡಿದು ಹೋಗಿದ್ದರು. ಎದ್ದು ಬರುವಾಗ ಅದನ್ನು ಅಲ್ಲೇ ಮರೆತು ಬಂದರು. ಈಗ ನಗಬಹುದು, ಅವರೂ ಇಲ್ಲೇ ಕೂತು ನಗ್ತಾ ಇದ್ದಾರೆ.

ಆಮೇಲೆ ನಾವು ನಾಟಕ ಆಡಿದೆವು. ಅಜ್ಜ ಎ.ಸಿ. ಸಾಹೇಬರಾದರು. ಟವಲು ಕಟ್ಟಿಕೊಂಡು, "ಹೇಗಿದ್ದೀಯಮ್ಮ?" ಅಂತ ಗದರಿಸಿದರು. ಅಕ್ಕ ಮೂರು ಸಲ "ಚೆನ್ನಾಗಿದ್ದೀನಿ" ಅಂದರು. ನಾಲ್ಕನೇ ಸಲ ಚೀಟಿ ನೋಡಿ ಹೇಳಿದರು.

ಒಂದು ದಿನ ಮುಂಚೆಯೇ ಹೋಗಿ ಆ ಕಚೇರಿಯನ್ನು ನೋಡಿಕೊಂಡೂ ಬಂದೆವು. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಬಸ್ಸಿನ ಚಾರ್ಜು ಇಲ್ಲ. ಎಷ್ಟು ಮೆಟ್ಟಿಲಿದೆ, ಕೂರಲು ಬೆಂಚಿದೆಯೇ, ಶೌಚಾಲಯ ಎಲ್ಲಿದೆ ಅಂತ ನೋಡಿದೆವು. ಕಾಣದ ಜಾಗ ಮನಸ್ಸಿನಲ್ಲಿ ದೊಡ್ಡದಾಗುತ್ತೆ. ನೋಡಿದರೆ ಅಲ್ಲೂ ಒಂದು ಮೇಜು, ನಾಲ್ಕು ಕುರ್ಚಿ, ಧೂಳು ಹಿಡಿದ ಫೈಲು. ಕೋಣೆ ಮಹಡಿಯ ಮೇಲಿದ್ದು ಹತ್ತಲು ಆಗದಿದ್ದರೆ, ಕೆಳಗೇ ವಿಚಾರಣೆ ಮಾಡಿ ಅಂತ ಮೊದಲೇ ಬರೆದು ಕೊಡಿ. ಕೊಟ್ಟ ಕಾಗದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಹೊರಗೆ ಮರದ ಕೆಳಗೆ ಒಬ್ಬ ಬಂದು, ಐನೂರು ಕೊಡಿ ಎಲ್ಲ ಸರಿ ಮಾಡಿಸ್ತೀನಿ ಅಂತಾನೆ. ಕೊಡಬೇಡಿ. ವಕೀಲರು ಬೇಕಾದರೆ ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. 15100ಕ್ಕೆ ಫೋನು ಮಾಡಿಯೂ ಕೇಳಬಹುದು.

ಇಷ್ಟೆಲ್ಲ ಮಾಡಿದರೂ ಎದೆ ಡವಡವ ಅನ್ನೋದು ನಿಲ್ಲೋದಿಲ್ಲ. ಅದು ಯಾಕೆ ಅಂತ ಆಸ್ಪತ್ರೆಯ ಸಿಸ್ಟರ್ ಹೇಳಿದರು. ದಾರಿಯಲ್ಲಿ ಹಾವು ಕಂಡರೆ ಎದೆ ಬಡಿದುಕೊಳ್ಳುತ್ತೆ, ಬಾಯಿ ಒಣಗುತ್ತೆ, ಅಂಗೈ ಬೆವರುತ್ತೆ. ಮೈ ಓಡಲು ಸಿದ್ಧ ಆಗ್ತಾ ಇದೆ. ಹಾವಿಗೂ ನೋಟೀಸಿಗೂ ಮೈಗೆ ವ್ಯತ್ಯಾಸ ಗೊತ್ತಿಲ್ಲ. ಅದಕ್ಕೆ ಅವರು ಹೇಳಿಕೊಟ್ಟದ್ದು ಇದು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಆರು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ಬಿಡುವ ಉಸಿರು ಉದ್ದ ಇರಬೇಕು. ಹತ್ತು ಸಲ ಮಾಡಿ. ವಿಚಾರಣೆಯ ದಿನವೇ ಶುರು ಮಾಡಿದರೆ ಆಗೋದಿಲ್ಲ. ಅವರೆಕಾಯಿ ಸುಲಿಯುವಾಗ, ಬಸ್ಸಿಗೆ ಕಾಯುವಾಗ ದಿನಾ ಮಾಡಿ ರೂಢಿ ಆಗಬೇಕು. ಹೋಗುವ ಬೆಳಿಗ್ಗೆ ಮುದ್ದೆಯೋ ಉಪ್ಪಿಟ್ಟೋ ತಿಂದೇ ಹೋಗಿ. ಫಿಟ್ಸಿನ ಮಾತ್ರೆ, ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಣ್ಣಂದಿರೇ, ಧೈರ್ಯಕ್ಕೆ ಅಂತ ಹಿಂದಿನ ರಾತ್ರಿ ಕುಡಿಯಬೇಡಿ. ಬೆಳಿಗ್ಗೆ ಗಾಬರಿ ಇನ್ನೂ ಹೆಚ್ಚುತ್ತೆ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಬದುಕೇ ಬೇಡ ಅನ್ನಿಸ್ತಾ ಇದೆ ಅಂದರೆ ಅದನ್ನು ನಾಚಿಕೆ ಅಂತ ಮುಚ್ಚಿಡಬೇಡಿ. 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ.

ಎರಡನೇ ಸಲ ಅಕ್ಕನ ಜೊತೆ ಇಬ್ಬರು ಹೋದೆವು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರೂ ಬಂದರು. ಒಳಗೆ ಹೋದ ಕೂಡಲೇ ಅಕ್ಕ, "ಸ್ವಾಮಿ, ನನಗೆ ಗಾಬರಿ ಆಗ್ತಾ ಇದೆ. ಬರ್ಕೊಂಡು ಬಂದಿದೀನಿ, ಓದಲಾ?" ಅಂದರು. ಸಾಹೇಬರು ತಲೆ ಎತ್ತಿ ನೋಡಿ, "ಕೂತ್ಕೊಂಡು ಓದಮ್ಮ" ಅಂದರು. ಕೈ ನಡುಗಿ ಹಾಳೆ ಪಟಪಟ ಅಂತಿತ್ತು. ಐದನೇ ಸಾಲಿನಲ್ಲಿ ಒಂದು ಒತ್ತಕ್ಷರದ ಹತ್ತಿರ ಅಕ್ಕ ನಿಂತುಬಿಟ್ಟರು. ಯಾರೂ ಏನೂ ಅನ್ನಲಿಲ್ಲ. ಕಾದರು. ಅಕ್ಕ ಕೂಡಿಸಿಕೊಂಡು ಓದಿ ಮುಂದೆ ಹೋದರು. ಎಲ್ಲ ಸೇರಿ ಹತ್ತು ನಿಮಿಷವೂ ಆಗಲಿಲ್ಲ. ಅಷ್ಟಕ್ಕೆ ಒಂದು ತಿಂಗಳ ನಿದ್ದೆ ಹೋಗಿತ್ತು.

ಸಾಹೇಬರು ಲೆಕ್ಕದ ಪುಸ್ತಕ ನೋಡಿ, ಹೊಸದಾಗಿ ವರದಿ ಕೊಡಿ ಅಂತ ಬರೆದರು. ಬರುವಾಗ ಅಕ್ಕ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದರು. ನಾವು ಎಬ್ಬಿಸಲಿಲ್ಲ. ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆವು.

ನಿಮ್ಮಲ್ಲಿ ಕೆಲವರ ತೊಂದರೆ ಬೇರೆ ಇರಬಹುದು. ಪ್ರಮಾಣ ಪತ್ರದಲ್ಲೇ 40ಕ್ಕಿಂತ ಕಡಿಮೆ ಬರೆದಿರಬಹುದು. ಅದಕ್ಕೆ ಎ.ಸಿ. ಕಚೇರಿ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೆ ಬೇರೆ ಮೇಲ್ಮನವಿ ಇದೆ. ಅಲ್ಲಿ ನೋಡೋದು ನಿಮ್ಮ ಮೈಯನ್ನು, ಕಾಗದವನ್ನಲ್ಲ. ಹಳೆಯ ಆಸ್ಪತ್ರೆ ಚೀಟಿಗಳನ್ನು ಜೋಪಾನ ಮಾಡಿ. ಅಲ್ಲೂ "ಚೆನ್ನಾಗಿದ್ದೀನಿ" ಅನ್ನುವ ಮಾತು ಬಾಯಿಗೆ ಬಂದೇ ಬರುತ್ತೆ.

ಒಂದೂವರೆ ತಿಂಗಳಿಗೆ ಅಕ್ಕನಿಗೆ ಆದೇಶ ಬಂತು. ವೇತನ ಮತ್ತೆ ಶುರುವಾಗಿದೆ. ನಡುವೆ ನಿಂತುಹೋದ ತಿಂಗಳುಗಳ ಬಾಕಿ ಇನ್ನೂ ಬಂದಿಲ್ಲ. ಅದಕ್ಕೆ ಮೊನ್ನೆ ಸೋಮವಾರ ಇನ್ನೊಂದು ಅರ್ಜಿ ಹೋಯಿತು. ಅದನ್ನು ಅಕ್ಕ ನಮಗೆ ತೋರಿಸಲೂ ಇಲ್ಲ. ತಾವೇ ಬರೆದು, ಟಪಾಲಿಗೆ ಕೊಟ್ಟು, ಸ್ವೀಕೃತಿ ತಂದು ತೋರಿಸಿದರು.