ರೆಪ್ಪೆಯ ಗಂಟು ಮತ್ತೆ ಬಂದರೆ ಉದಾಸೀನ ಬೇಡ
(ಗ್ರಾಮ ಆರೋಗ್ಯ ಶಿಬಿರದಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕಣ್ಣಿನ ವಿಷಯವೆಂದರೆ ನಾವೆಲ್ಲ ಪೊರೆಯ ಮಾತನ್ನೇ ಆಡುತ್ತೇವೆ. ಪೊರೆ ಬಂದರೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂಬುದು ಈಗ ಹಳ್ಳಿಯ ಮಕ್ಕಳಿಗೂ ಗೊತ್ತು. ಈ ದಿನ ನಾನು ಹೇಳಹೊರಟಿರುವುದು ಕಣ್ಣಿನ ಬಾಗಿಲಾದ ರೆಪ್ಪೆಯ ವಿಷಯ. ರೆಪ್ಪೆಯ ಮೇಲೆ ಏಳುವ ಸಣ್ಣ ಗಂಟನ್ನು ನಾವು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಇಂಥ ಗಂಟುಗಳಲ್ಲಿ ಬಹುಪಾಲು ಅಪಾಯವಿಲ್ಲದವು, ನಿಜ. ಆದರೆ ಅಪರೂಪಕ್ಕೆ ಒಂದು, ಅದೇ ವೇಷ ಹಾಕಿಕೊಂಡು ಬಂದ ಕ್ಯಾನ್ಸರ್ ಆಗಿರುತ್ತದೆ. ಬೇಗ ಗುರುತಿಸಿದರೆ ಸಾಮಾನ್ಯವಾಗಿ ಕಣ್ಣೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ತಡವಾದರೆ ಎರಡಕ್ಕೂ ಕುತ್ತು.

ಮೊದಲು ರೆಪ್ಪೆಯ ಒಳಗೆ ಏನಿದೆ ನೋಡೋಣ. ಅಲ್ಲಿ ಜಿಡ್ಡಿನ ಗ್ರಂಥಿಗಳು ಸಾಲಾಗಿ ನಿಂತಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 30ರಿಂದ 40, ಕೆಳಗಿನದರಲ್ಲಿ 20ರಿಂದ 30. ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್ 1666ರಲ್ಲಿ ಇವನ್ನು ವಿವರಿಸಿದ್ದರಿಂದ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು ಬಂದಿತು. ಇವುಗಳಿಂದ ಇಳಿಯುವ ಜಿಡ್ಡು ಕಣ್ಣೀರಿನ ಮೇಲೆ ತೆಳ್ಳಗೆ ಹರಡಿ ಕಣ್ಣು ಒಣಗದಂತೆ ಕಾಯುತ್ತದೆ. ಗ್ರಂಥಿಯ ಬಾಯಿ ಕಟ್ಟಿಕೊಂಡರೆ ಜಿಡ್ಡು ಒಳಗೇ ನಿಂತು ಗಂಟಾಗುತ್ತದೆ. ಇದು ಸಾಧಾರಣ ಗಂಟು. ಶುಚಿಯಾದ ಬಟ್ಟೆಯನ್ನು ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ ಹಿಂಡಿ, ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ 10 ನಿಮಿಷದಂತೆ ಶಾಖ ಕೊಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ.

ಕ್ಯಾನ್ಸರ್ ಹುಟ್ಟುವುದೂ ಇದೇ ಗ್ರಂಥಿಯಲ್ಲಿ. ಇದಕ್ಕೆ ಸೆಬೇಷಿಯಸ್ ಕಾರ್ಸಿನೋಮ ಎಂದು ಹೆಸರು. ಗ್ರಂಥಿಗಳು ಹೆಚ್ಚಾಗಿರುವ ಮೇಲಿನ ರೆಪ್ಪೆಯಲ್ಲೇ ಇದು ಹೆಚ್ಚು. ಐವತ್ತು ದಾಟಿದವರಲ್ಲಿ ಸಾಮಾನ್ಯ. ಯೂರೋಪು, ಅಮೆರಿಕಗಳಲ್ಲಿ ರೆಪ್ಪೆಯ ಕ್ಯಾನ್ಸರುಗಳ ಪೈಕಿ ಬಹುಪಾಲು ಬೇರೊಂದು ಜಾತಿಯದು. ಅದು ನಿಧಾನವಾಗಿ ಬೆಳೆಯುತ್ತದೆ, ದೂರಕ್ಕೆ ಹರಡುವುದು ತೀರ ವಿರಳ. ಅಲ್ಲಿ ವಿರಳವಾದ ಈ ಜಿಡ್ಡುಗ್ರಂಥಿಯ ಕ್ಯಾನ್ಸರು ನಮ್ಮ ದೇಶದ ರೆಪ್ಪೆಯ ಕ್ಯಾನ್ಸರುಗಳಲ್ಲಿ ದೊಡ್ಡ ಪಾಲು ಪಡೆದಿದೆ. ಇದು ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ಹಾಲುಗ್ರಂಥಿಗಳಿಗೂ, ಅಲ್ಲಿಂದ ಮುಂದಕ್ಕೂ ಹರಡಬಲ್ಲದು. ಆದ್ದರಿಂದ ಇದರ ಗುರುತು ನಮಗೆ ತಿಳಿದಿರಬೇಕು.

ಗಮನಿಸಬೇಕಾದ ಚಿಹ್ನೆಗಳು ಇವು:

1. ನೋವಿಲ್ಲದ ಗಟ್ಟಿ ಗಂಟು, ಶಾಖ ಕೊಟ್ಟರೂ ಒಂದೆರಡು ತಿಂಗಳಲ್ಲಿ ಇಳಿಯದಿರುವುದು. ಕೆಲವೊಮ್ಮೆ ಹಳದಿ ಛಾಯೆ ಇರುತ್ತದೆ.

2. ಗಂಟಿರುವ ಕಡೆ ರೆಪ್ಪೆಗೂದಲು ಉದುರುವುದು. ಸಾಧಾರಣ ಗಂಟು ಕೂದಲನ್ನು ಹೀಗೆ ಉದುರಿಸುವುದು ಅಪರೂಪ.

3. ರೆಪ್ಪೆಯ ಅಂಚು ದಪ್ಪವಾಗುವುದು, ಸೊಟ್ಟಗಾಗುವುದು, ಹುಣ್ಣಾಗಿ ರಕ್ತ ಒಸರುವುದು.

4. ಒಂದೇ ಕಣ್ಣು ತಿಂಗಳುಗಟ್ಟಲೆ ಕೆಂಪಾಗಿದ್ದು, ಹನಿ ಔಷಧಿಗೆ ಬಗ್ಗದಿರುವುದು. ಗಂಟು ಕಾಣದೆಯೂ ಈ ರೋಗ ಹೀಗೆ ಬರಬಹುದು.

5. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಕೊಯ್ಸಿ ತೆಗೆಸಿದ ಗಂಟು ಅದೇ ಜಾಗದಲ್ಲಿ ಮತ್ತೆ ಏಳುವುದು.

ಐದನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬ ಹಿರಿಯರ ಮೇಲ್ರೆಪ್ಪೆಯಲ್ಲಿ ಗಂಟು ಎದ್ದಿತೆಂದು ಇಟ್ಟುಕೊಳ್ಳಿ. ಕೊಯ್ದು ತೆಗೆದರು. ತೆಗೆದ ಚೂರನ್ನು ಎಸೆದರು. ಕೆಲವು ತಿಂಗಳಲ್ಲಿ ಮತ್ತೆ ಬಂತು. ಮತ್ತೆ ಕೊಯ್ದರು, ಮತ್ತೆ ಎಸೆದರು. ಹೀಗೆ ವರ್ಷ ಕಳೆಯಿತು. ಹೊಲದಲ್ಲಿ ಜೇಕನ್ನು ಮೇಲೆ ಮೇಲೆ ಕೆತ್ತಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಗಡ್ಡೆ ಒಳಗೇ ಉಳಿದು ಪಕ್ಕದ ಸಾಲಿನಲ್ಲಿ ತಲೆ ಎತ್ತುತ್ತದೆ. ಈ ಕ್ಯಾನ್ಸರಿನ ಸ್ವಭಾವವೂ ಅದೇ. ಗಂಟಿನಿಂದ ದೂರಕ್ಕೆ, ರೆಪ್ಪೆಯ ಒಳಪೊರೆಯಲ್ಲಿ ಕಣ್ಣಿಗೆ ಕಾಣದಂತೆ ಹಬ್ಬುತ್ತದೆ. ನಡುವೆ ಒಳ್ಳೆಯ ಜಾಗ ಬಿಟ್ಟು ಆಚೆಗೂ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ರೋಗವನ್ನು ಖಚಿತಪಡಿಸುವುದು ಹೇಗೆ? ಕಣ್ಣಿನ ವೈದ್ಯರು ರೆಪ್ಪೆಯನ್ನು ಮಗುಚಿ ಒಳಭಾಗವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ. ಕಿವಿಯ ಮುಂದೆ, ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಡ್ಡೆ ಇದೆಯೇ ಎಂದು ಮುಟ್ಟಿ ಪರೀಕ್ಷಿಸುತ್ತಾರೆ. ಆದರೆ ನೋಡಿ ಮುಟ್ಟಿದ ಮಾತ್ರಕ್ಕೆ ತೀರ್ಮಾನವಾಗುವುದಿಲ್ಲ. ಗಂಟಿನ ಒಂದು ಚೂರನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸಬೇಕು. ಇದೇ ಬಯಾಪ್ಸಿ. ಆ ಚೂರನ್ನು ಫಾರ್ಮಲಿನ್ ದ್ರಾವಣದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಕ್ಯಾನ್ಸರಿನ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳಿರುತ್ತವೆ. ಮಾಮೂಲು ಕ್ರಮದಲ್ಲಿ ಆ ಕೊಬ್ಬು ಕರಗಿಹೋಗಿ ಬೇರೆ ಜಾತಿಯ ಕ್ಯಾನ್ಸರಿನಂತೆ ತೋರುವುದುಂಟು. ಆದ್ದರಿಂದ ಸಂಶಯವಿರುವುದನ್ನು ವೈದ್ಯರು ಮೊದಲೇ ಬರೆದು ಕಳುಹಿಸುತ್ತಾರೆ. ಆಗ ವಿಶೇಷ ಪರೀಕ್ಷೆಗಳನ್ನೂ ಮಾಡುತ್ತಾರೆ. ರೋಗ ಖಚಿತವಾದರೆ ರೆಪ್ಪೆಯ ಹಲವು ಕಡೆಗಳಿಂದ ಸಣ್ಣ ಸಣ್ಣ ಚೂರು ತೆಗೆದು, ಎಲ್ಲಿಯವರೆಗೆ ಹಬ್ಬಿದೆ ಎಂಬ ನಕ್ಷೆ ಮಾಡಿಕೊಳ್ಳುವುದೂ ಉಂಟು.

"ಕತ್ತಿ ತಗುಲಿದರೆ ರೋಗ ಮೈಗೆಲ್ಲ ಹರಡುತ್ತದೆ" ಎಂದು ಕೆಲವರು ಹೆದರಿಸುತ್ತಾರೆ. ಈ ಭಯ ಬೇಡ. ರೆಪ್ಪೆಯ ಗಂಟಿನ ಚೂರು ತೆಗೆದು ಪರೀಕ್ಷಿಸುವುದರಿಂದ ರೋಗ ಹರಡುವುದಿಲ್ಲ. ಪರೀಕ್ಷಿಸದೆ ತಿಂಗಳುಗಟ್ಟಲೆ ಬಿಟ್ಟರೆ ಹರಡುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಮನೆಯವರು ರೋಗಿಯನ್ನು ದೂರ ಇಡಬೇಕಾಗಿಲ್ಲ.

ಇನ್ನು ಮಾಡಬಾರದ ಕೆಲಸಗಳು. ಗಂಟಿನ ಮೇಲೆ ಸುಣ್ಣ ಹಚ್ಚಬೇಡಿ. ಎಕ್ಕದ ಹಾಲು ಹಚ್ಚಬೇಡಿ. ಅದು ಕಣ್ಣಿಗೆ ಬಿದ್ದರೆ ಕರಿಗುಡ್ಡೆಗೇ ಹಾನಿ. ಕಾಸಿದ ಕಬ್ಬಿಣದಿಂದ ಸುಡಬೇಡಿ. ಅಂಗಡಿಯಿಂದ ಹನಿ ಔಷಧಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳಬೇಡಿ.

ಬೇಗ ಬಂದವರಿಗೆ ಚಿಕಿತ್ಸೆ ಹೀಗಿರುತ್ತದೆ: ಗಂಟನ್ನು ಸುತ್ತಲಿನ ಕೆಲವು ಮಿಲಿಮೀಟರು ಒಳ್ಳೆಯ ಭಾಗದ ಸಮೇತ ತೆಗೆದು, ಅಂಚಿನಲ್ಲಿ ರೋಗ ಉಳಿದಿಲ್ಲವೆಂದು ಪರೀಕ್ಷಿಸಿ, ರೆಪ್ಪೆಯನ್ನು ಮತ್ತೆ ಕಟ್ಟಿಕೊಡುತ್ತಾರೆ. ದೃಷ್ಟಿ ಉಳಿಯುತ್ತದೆ. ರೋಗ ಕಣ್ಣುಗೂಡಿನ ಒಳಕ್ಕೆ ಇಳಿದ ಮೇಲೆ ಬಂದರೆ, ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಗಬಹುದು. ಚಿಕಿತ್ಸೆ ಮುಗಿದ ಮೇಲೂ ವೈದ್ಯರು ಹೇಳಿದ ದಿನಗಳಂದು ತಪ್ಪದೆ ಹೋಗಿ ತೋರಿಸಿಕೊಂಡು ಬರಬೇಕು.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿರಿ. ಆಶಾ ಕಾರ್ಯಕರ್ತೆಯರು ದಾರಿ ತಿಳಿಸುತ್ತಾರೆ. ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವೈದ್ಯರಲ್ಲಿಗೆ ಚೀಟಿ ಕೊಡುತ್ತಾರೆ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಯೂ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಇವೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಹೊರಡುವಾಗ ಪಡಿತರ ಚೀಟಿ, ಆಧಾರ್ ಮತ್ತು ಹಿಂದಿನ ಚಿಕಿತ್ಸೆಯ ಕಾಗದಗಳನ್ನು ಜೊತೆಗೆ ಒಯ್ಯಿರಿ. ಹಿಂದೆ ಎಂದು, ಎಲ್ಲಿ, ಎಷ್ಟು ಸಲ ಕೊಯ್ಸಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಗಂಟು ತೆಗೆಸುವಾಗ, "ಸ್ವಾಮಿ, ತೆಗೆದ ಚೂರನ್ನು ಪರೀಕ್ಷೆಗೆ ಕಳುಹಿಸುತ್ತೀರಾ?" ಎಂದು ಕೇಳಿರಿ. ಇದರಲ್ಲಿ ಸಂಕೋಚವೇನೂ ಬೇಡ. ಎರಡನೆಯ ಸಲ ಬಂದ ಗಂಟಾದರಂತೂ ಕೇಳಲೇಬೇಕು.

ಬಂಧುಗಳೇ, ಸಂತೆಯಲ್ಲಿ ಹಸು ಕೊಳ್ಳುವಾಗ ನೀವು ಬಾಯಿ ತೆರೆಸಿ ಹಲ್ಲು ಎಣಿಸುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ. ಬಿಳಿಯ ಮುಖದ ಹಸುವಿನ ರೆಪ್ಪೆಯಲ್ಲಿ ದುರ್ಮಾಂಸ ಬೆಳೆದರೆ ಪಶುವೈದ್ಯರನ್ನು ಕರೆತರುತ್ತೀರಿ. ಮನೆಯ ಜಗುಲಿಯ ಮೇಲೆ ಕುಳಿತ ಅಪ್ಪನ, ಅವ್ವನ ಮುಖವನ್ನೂ ಒಮ್ಮೆ ಬೆಳಕಿನಲ್ಲಿ ನೋಡಿರಿ. ವಯಸ್ಸಾದವರು ನೋವಿಲ್ಲದ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ; ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾರೆ. ರೆಪ್ಪೆಗೂದಲು ಉದುರಿದ ಜಾಗವೊಂದು ಕಂಡರೆ, ಹಳೆಯ ಗಂಟು ಮತ್ತೆ ಕಂಡರೆ, ಸುಗ್ಗಿಗೆ ಕಾಯದೆ ಆ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.