ವೆರಾಪಮಿಲ್ ಮತ್ತು ಅರಿವಳಿಕೆಯ ಜ್ವರ

ವೆರಾಪಮಿಲ್ ಹೃದಯಬಡಿತವನ್ನು ತಗ್ಗಿಸುವ, ರಕ್ತದೊತ್ತಡವನ್ನು ಇಳಿಸುವ ಹಳೆಯ ಔಷಧ. ಹೃದಯದ ಕೋಶ ಸಂಕುಚಿಸಬೇಕಾದರೆ ಹೊರಗಿನಿಂದ ಕ್ಯಾಲ್ಸಿಯಂ ಒಳಬರಬೇಕು; ಅದು ಬರುವ ದ್ವಾರಗಳನ್ನೇ ಈ ಔಷಧ ತಡೆಯುತ್ತದೆ. ಕೈಕಾಲುಗಳ ಸ್ನಾಯುವಿನಲ್ಲೂ ಇದೇ ಜಾತಿಯ ದ್ವಾರಗಳಿವೆ, ಆದರೆ ಅಲ್ಲಿ ಅವುಗಳ ಕೆಲಸ ಬೇರೆ. ಹೊರಗಿನ ಕ್ಯಾಲ್ಸಿಯಂಗೆ ಕಾಯದೆ, ನರದ ಸೂಚನೆ ಬಂದೊಡನೆ ಅವು ಕೋಶದೊಳಗಿನ ಕ್ಯಾಲ್ಸಿಯಂ ಕಣಜದ ಬಾಗಿಲನ್ನು ನೇರವಾಗಿ ತೆರೆಸುತ್ತವೆ. ರಯನೊಡಿನ್ ರಿಸೆಪ್ಟರ್ ಎಂಬುದು ಆ ಬಾಗಿಲು.

ಮಾಲಿಗ್ನಂಟ್ ಹೈಪರ್‌ಥರ್ಮಿಯಾ ಬಹುಮಟ್ಟಿಗೆ ಈ ಬಾಗಿಲಿನ ಆನುವಂಶಿಕ ದೋಷ. ಆ ದೋಷವಿರುವವರು ವರ್ಷಗಟ್ಟಲೆ ಆರೋಗ್ಯವಾಗಿಯೇ ಇರುತ್ತಾರೆ. ಹ್ಯಾಲೋಥೇನ್, ಸೆವೊಫ್ಲುರೇನ್‌ನಂಥ ಉಸಿರಿನ ಅರಿವಳಿಕೆಯನ್ನೋ ಸಕ್ಸಿನೈಲ್‌ಕೋಲಿನ್ ಚುಚ್ಚುಮದ್ದನ್ನೋ ಕೊಟ್ಟಾಗ ಬಾಗಿಲು ತೆರೆದುಕೊಂಡೇ ಉಳಿಯುತ್ತದೆ. ಸ್ನಾಯುಗಳು ಸೆಟೆದು ಉರಿಯತೊಡಗುತ್ತವೆ. ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ನಾಡಿ ಓಡುತ್ತದೆ, ಒಡೆದ ಕೋಶಗಳ ಪೊಟ್ಯಾಷಿಯಂ ರಕ್ತಕ್ಕೆ ಸೇರುತ್ತದೆ. ಹೆಸರಿನಲ್ಲಿರುವ ಜ್ವರ ಎಷ್ಟೋ ಸಲ ಇವೆಲ್ಲದರ ಹಿಂದೆ ಬರುತ್ತದೆ. ಮೈ ಕಾಯುವವರೆಗೆ ಕಾದರೆ ಹೊತ್ತು ಮೀರಿರುತ್ತದೆ.

1960ರಲ್ಲಿ ಮೆಲ್ಬರ್ನ್‌ನ ಡೆನ್‌ಬರೋ ಮತ್ತು ಲೊವೆಲ್ ಎಂಬ ವೈದ್ಯರು ಒಬ್ಬ ತರುಣನ ಸಂಗತಿಯನ್ನು ಪ್ರಕಟಿಸಿದರು. ಕಾಲು ಮುರಿದು ಬಂದ ಆತನಿಗೆ ಮೂಳೆಗಿಂತ ಅರಿವಳಿಕೆಯದೇ ಭಯ, ಏಕೆಂದರೆ ಅವನ ಬಂಧುಗಳಲ್ಲಿ ಹತ್ತು ಮಂದಿ ಅರಿವಳಿಕೆಯಿಂದ ತೀರಿಕೊಂಡಿದ್ದರು. ಹ್ಯಾಲೋಥೇನ್ ಕೊಟ್ಟಾಗ ಅವನಿಗೂ ಅದೇ ಆಪತ್ತು ಒದಗಿತು, ಪುಣ್ಯಕ್ಕೆ ಬದುಕಿದ. ಒಂದು ಕುಟುಂಬದ ಸಾವುಗಳ ನೆನಪೇ ಈ ರೋಗವನ್ನು ವೈದ್ಯಶಾಸ್ತ್ರಕ್ಕೆ ತೋರಿಸಿಕೊಟ್ಟಿತು ಎನ್ನಬೇಕು.

ರೋಗದ ಮೂಲ ಕ್ಯಾಲ್ಸಿಯಂ ಎಂದ ಮೇಲೆ ಕ್ಯಾಲ್ಸಿಯಂ ತಡೆಯುವ ಹೃದಯದ ಔಷಧವೇ ಮದ್ದಾಗಬಾರದೇಕೆ ಎಂಬ ಪ್ರಶ್ನೆ ಸಹಜ. ಆದರೆ ವೆರಾಪಮಿಲ್ ತಡೆಯುವುದು ಹೊರಗೋಡೆಯ ದ್ವಾರವನ್ನು; ಸೋರುತ್ತಿರುವುದು ಒಳಗಿನ ಕಣಜ. ಕಣಜದ ಬಾಗಿಲಿಗೇ ಅಂಟಿ ಸೋರಿಕೆಯನ್ನು ತಗ್ಗಿಸುವ ಔಷಧ ಡಾಂಟ್ರೋಲೀನ್. 1975ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್ ಇದೇ ದೋಷವಿದ್ದ ಹಂದಿಗಳ ಮೇಲೆ ಅದರ ಗುಣವನ್ನು ತೋರಿಸಿದರು. ದೇಹತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ ಅದರ ಮೊದಲ ಪ್ರಮಾಣ. ಹೃದಯದ ಕಣಜದ ಬಾಗಿಲು ಬೇರೆ ಬಗೆಯದಾದ್ದರಿಂದ, ಒಂಟಿಯಾಗಿ ಕೊಟ್ಟಾಗ ಇದು ಹೃದಯವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ.

ಎರಡೂ ಜೊತೆಗೂಡಿದಾಗ ಮಾತು ಬೇರೆ. 1980ರ ದಶಕದ ಪ್ರಾಣಿ ಪ್ರಯೋಗಗಳಲ್ಲಿ ಡಾಂಟ್ರೋಲೀನ್ ಮತ್ತು ವೆರಾಪಮಿಲ್ ಸೇರಿ ಪೊಟ್ಯಾಷಿಯಂ ಅನ್ನು ವಿಪರೀತವಾಗಿ ಏರಿಸಿದವು, ಹೃದಯ ಕುಸಿಯಿತು. ಮನುಷ್ಯರಲ್ಲೂ ಪೊಟ್ಯಾಷಿಯಂ ಏರಿದ್ದು ವರದಿಯಾಗಿದೆ. ನಾಡಿ ಓಡುತ್ತಿರುವಾಗ ವೆರಾಪಮಿಲ್‌ನತ್ತ ಕೈ ಹೋಗುವುದು ಅಭ್ಯಾಸಬಲ. ಈ ರೋಗದಲ್ಲಿ ಆ ಅಭ್ಯಾಸ ಅಪಾಯಕರ. ಡಿಲ್ಟಿಯಾಜೆಮ್‌ಗೂ ಇದೇ ಎಚ್ಚರ ಅನ್ವಯಿಸುತ್ತದೆ. ಮೊದಲು ರಕ್ತದ ಆಮ್ಲತೆಯನ್ನೂ ಪೊಟ್ಯಾಷಿಯಂ ಅನ್ನೂ ಸರಿಪಡಿಸಬೇಕು. ಲಯ ಆಗಲೂ ತಪ್ಪುತ್ತಿದ್ದರೆ ಅಮಿಯೊಡರೋನ್‌ನಂಥ ಬೇರೆ ಔಷಧಗಳಿವೆ.

ವೆರಾಪಮಿಲ್ ಮಾತ್ರೆಯನ್ನು ದಿನವೂ ನುಂಗುವವರಿಗೆ ಈ ಆಪತ್ತು ಬಂದರೂ ಡಾಂಟ್ರೋಲೀನ್ ತಪ್ಪಿಸುವಂತಿಲ್ಲ, ಅದಿಲ್ಲದೆ ಜೀವ ಉಳಿಯುವುದು ಕಷ್ಟ. ಆಗ ಪೊಟ್ಯಾಷಿಯಂ ಮಟ್ಟವನ್ನು ಮತ್ತೆ ಮತ್ತೆ ಅಳೆಯುತ್ತಿರಬೇಕಾಗುತ್ತದೆ. ಅಂಥವರು ಶಸ್ತ್ರಚಿಕಿತ್ಸೆಗೆ ಮುಂಚೆ ಮಾತ್ರೆಯ ಹೆಸರನ್ನೂ, ಮನೆತನದಲ್ಲಿ ಅರಿವಳಿಕೆಯಿಂದ ಸಾವುಗಳಾಗಿದ್ದರೆ ಅದನ್ನೂ ಅರಿವಳಿಕೆ ತಜ್ಞರಿಗೆ ಹೇಳಿದರೆ, ಪ್ರೊಪೊಫಾಲ್‌ನಿಂದಲೋ ಬೆನ್ನಿನ ಇಂಜೆಕ್ಷನ್‌ನಿಂದಲೋ ಈ ರೋಗವನ್ನು ಕೆರಳಿಸದೆ ಶಸ್ತ್ರಚಿಕಿತ್ಸೆ ನಡೆಸಬಹುದು.